ಹೊರಗಿನ ಬೂಟಿಗೆ ಮನೆಯ ಹೊಲಿಗೆ

ಮೇಣ ಹಚ್ಚಿದ ದಾರವನ್ನು ಅವಳು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದಳು. ಬೀದಿಯಲ್ಲಿ ಗಾಜು ಒಡೆದ ಸದ್ದಾಯಿತು. ತೊಡೆಯ ಮೇಲಿದ್ದುದು ಮನೆಯಲ್ಲಿ ಹೊಲಿಯಲೆಂದು ಕಾರ್ಖಾನೆ ಕಳಿಸಿದ್ದ ಕೊನೆಯ ಕಟ್ಟಿನ ಬೂಟು. ಹೊರದೇಶದ ಬೂಟುಗಳ ಮೇಲಿನ ಸುಂಕವನ್ನು ಸರ್ಕಾರ ತೆಗೆದ ಮೇಲೆ ಅಂಗಡಿಗಳಲ್ಲೆಲ್ಲ ಅವೇ, ಹೊಲಿಗೆಯಿಲ್ಲದೆ ಬರೀ ಅಂಟಿನಿಂದ ಕೂಡಿಸಿದವು. ಇವರು ಕೈಯಲ್ಲಿ ಹೊಲಿದ ಒಂದು ಜೊತೆಯ ಬೆಲೆಗೆ ಅವು ಮೂರು ಜೊತೆ ಬರುತ್ತಿದ್ದವು. ಬೂಟಿನ ತಳಕ್ಕೆ ಅಟ್ಟೆ ಹೊಡೆಯುತ್ತಿದ್ದ ಗಂಡನಿಗೂ ಮೈದುನನಿಗೂ ಕಾರ್ಖಾನೆಯವರು ಬಾಗಿಲು ತೋರಿಸಿದ್ದರು.

"ಅತ್ತಿಗೆ!" ಮೈದುನ ಹೊಸ್ತಿಲಲ್ಲೇ ಏದುಸಿರು ಬಿಡುತ್ತಿದ್ದ. "ಮೂಲೆ ಬೂಟಂಗಡಿಯವನ ಗ್ರಹಚಾರ ಬಿಡಿಸ್ತಿದೀವಿ. ನಿಮ್ಮ ಪುಟ್ಟಿಯ ಬೂಟೊಂದು ಕೊಡಿ, ಅಣ್ಣ ಕೇಳ್ತಿದಾನೆ."

"ಅದ್ಯಾಕೆ?"

"ಕೈಹೊಲಿಗೆ ಅಂದ್ರೇನು ಅಂತ ಆ ಅಂಟುರಾಯನಿಗೆ ತೋರಿಸ್ಬೇಕಂತೆ. ನಿಮ್ಮ ಗಂಟು ನೋಡಿ ಕಣ್ಣು ಬಿಡ್ಲಿ!"

ಅವಳು ದಾರ ಬಿಟ್ಟು ಎದ್ದಳು. ಹರಿದ ಬೂಟು ಹಾಕಿಕೊಂಡು ಬಂದಳೆಂದು ಮಗಳನ್ನು ಶಾಲೆಯಿಂದ ವಾಪಸು ಕಳಿಸಿದ ದಿನ, ಅವಳು ಕದ್ದುಮುಚ್ಚಿ ಆ ಮೂಲೆ ಅಂಗಡಿಗೇ ಹೋಗಿದ್ದಳು. ತಂದ ಬೂಟಿನ ಅಂಟಿನ ಅಂಚಿಗುಂಟ ದಬ್ಬಳದಿಂದ ತೂತು ಹಾಕಿ, ತನ್ನ ದಾರ ಪೋಣಿಸಿ, ಒಳಮುಖವಾಗಿ ತನ್ನದೇ ಜೋಡಿಗಂಟು ಹಾಕಿದ್ದಳು. ಅದು ಅವಳೇ ಮಾಡಿದ ಬೂಟೆಂದು ನಂಬಿದ ಗಂಡ ಅದರ ಮೇಲೆ ಹೆಬ್ಬೆರಳಾಡಿಸಿ, "ಇದು ನಮ್ಮನೆ ಕೈ," ಎಂದು ಬೀಗಿದ್ದ.

ಮೈದುನ ಬಾಗಿಲ ಪಕ್ಕದ ಬೂಟನ್ನು ತಾನೇ ಎತ್ತಿಕೊಂಡು ಓಡಿದ. ಅವಳು ಬರಿಗಾಲಲ್ಲೇ ಹಿಂದೆ ಓಡಿದಳು.

ಅಂಗಡಿಯ ಮುಂದೆ ಬೂಟುಗಳ ರಾಶಿ ಕರಕಲು ಹೊಗೆ ಕಾರುತ್ತಿತ್ತು. ಒಳಗೆ ಇಬ್ಬರು ಅಂಗಡಿಯವನನ್ನು ಮೇಜಿಗೆ ಅದುಮಿ ಹಿಡಿದಿದ್ದರು. ಮೂಗು ಒಡೆದು ರಕ್ತ ಗಡ್ಡಕ್ಕಿಳಿದಿತ್ತು. ಗಂಡ ಬೂಟನ್ನು ಅವನ ಮುಖಕ್ಕೆ ಒತ್ತಿದ.

"ನೋಡೋ, ಇದು ಕೆಲಸ! ನಿನ್ನ ಅಂಟು ಒಂದು ಮಳೆ ತಡೆಯುತ್ತೇನೋ?"

ಅಂಗಡಿಯವನು ಬೂಟಿನ ತಳ ನೋಡಿದ. ಆಮೇಲೆ ಗುಂಪಿನಲ್ಲಿ ಅವಳನ್ನು ಕಂಡ.

"ಅಣ್ಣಾ, ಹೊಲಿಗೆ ನಿಮ್ಮದಿರಬಹುದು. ಬೂಟು ನಾನೇ ಮಾರಿದ್ದು. ಬೇಕಾದ್ರೆ ಅವರನ್ನೇ ಕೇಳಿ."

ಯಾರೋ ನಕ್ಕರು. ಗಂಡ ತಿರುಗಿದ. ಕೈಯಲ್ಲಿ ಅಟ್ಟೆ ಹೊಡೆಯುವ ಸುತ್ತಿಗೆ.

"ಏನೇ? ಇವನ ಹತ್ರ ತಗೊಂಡ್ಯಾ?"

ಅವಳು ಸುತ್ತಿಗೆಯನ್ನೇ ನೋಡಿದಳು. ಅದು ತನ್ನ ಕಡೆ ತಿರುಗುವುದು ಅವಳಿಗೆ ಹೊಸದೇನಲ್ಲ.

"ಇಲ್ಲ," ಎಂದಳು.

ಸುತ್ತಿಗೆ ಅಂಗಡಿಯವನ ಬೆರಳುಗಳ ಮೇಲೆ ಬಿತ್ತು. ಒದ್ದೆ ಚರ್ಮಕ್ಕೆ ಮೊಳೆ ಇಳಿಯುವಾಗಿನದೇ ಸದ್ದು. ಎರಡನೆಯ ಏಟಿಗೆ ಮೂಳೆ ಬಿಳಿಯಾಗಿ ಹೊರಬಂತು. ಕಿರುಚಿದ ಬಾಯಿಗೆ ಮೈದುನ ಒದ್ದ. ಹಲ್ಲು ಗಾಜಿನ ಚೂರುಗಳ ನಡುವೆ ಬಿತ್ತು. ಗಂಡ ಮತ್ತೆ ಕೈಯೆತ್ತಿದ. ಅಂಗಡಿಯವನು ಕಿರುಚುವುದನ್ನು ನಿಲ್ಲಿಸುವವರೆಗೂ ಎತ್ತುತ್ತಲೇ ಇದ್ದ.

ಮನೆಯಲ್ಲಿ ಗಂಡ ಸುತ್ತಿಗೆಯನ್ನು ಬಕೆಟ್ಟಿನಲ್ಲಿ ಅದ್ದಿದ. ನೀರು ಕೆಂಪಾಯಿತು.

"ಸುಳ್ಳು ಹೇಳ್ದ, ಅದಕ್ಕೇ ಅಷ್ಟು ಬಿತ್ತು. ಬಾಯಿ ಮುಚ್ಕೊಂಡಿದ್ರೆ ನಾಲ್ಕೇಟಿಗೆ ಬಿಡ್ತಿದ್ದೆ. ಪೊಲೀಸ್ನೋರು ಬಂದ್ರೆ ನಾನು ಇಲ್ಲೇ ಮಲಗಿದ್ದೆ ಅನ್ನು. ತಿಳೀತಾ?"

"ಹೂಂ."

"ಅಮ್ಮಾ, ನನ್ನ ಬೂಟು?" ಮಗಳು ಕೇಳಿದಳು.

"ಒರೆಸಿ ಕೊಡೇ," ಎಂದ ಅವನು, ಬೂಟನ್ನು ಅವಳತ್ತ ಎಸೆದು.

ಬೂಟಿನ ಮೇಲಿನ ರಕ್ತ ಹೋಯಿತು. ದಾರಕ್ಕೆ ಹಿಡಿದದ್ದು ಹೋಗಲಿಲ್ಲ. ಅವಳು ಕತ್ತಿಯ ಮೊನೆಯಿಂದ ತನ್ನ ಜೋಡಿಗಂಟನ್ನು ಕೊಯ್ದಳು. ಒಂದೊಂದೇ ಹೊಲಿಗೆ ಬಿಚ್ಚಿದಳು. ಎರಡೂ ಕೈಯಿಂದ ತಳ ಎಳೆದು ನೋಡಿದಳು. ಅಂಟು ಬಿಟ್ಟಿರಲಿಲ್ಲ.

"ಏನೇ ಮಾಡ್ತಿದೀಯಾ?"

"ಹೊಲಿಗೆ ಸರಿಯಿರಲಿಲ್ಲ."

ಬೀದಿಯ ತುದಿಯಲ್ಲಿ ಜೀಪು ನಿಂತ ಸದ್ದು. ಗಂಡ ಚಾಪೆ ಹಾಸಿ ಮಲಗಿ ಕಣ್ಣು ಮುಚ್ಚಿಕೊಂಡ. ಅವಳು ಬೂಟನ್ನೂ ಬಿಚ್ಚಿದ ದಾರವನ್ನೂ ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಎದುರಾಗಿ ಕೂತಳು. ಬರುವ ಪೊಲೀಸರಿಗೆ ಮೊದಲು ರಕ್ತ ಹಿಡಿದ ದಾರ ತೋರಿಸಬೇಕು, ಅವನು ಇಲ್ಲಿ ಮಲಗಿರಲಿಲ್ಲ ಎಂದು ಹೇಳಬೇಕು ಎಂಬುದು ಅವಳಿಗೆ ಗೊತ್ತಿತ್ತು. ಎದ್ದು, ಸುತ್ತಿಗೆಯನ್ನು ಬಕೆಟ್ಟಿನಿಂದ ತೆಗೆದು ಅವನ ಕೈಗೆಟುಕದ ಕಡೆ ಇಟ್ಟಳು. ಆಮೇಲೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.