ಶಾಂತವಾದ ವಾರ್ಡು

ಆ ವೃದ್ಧಾಶ್ರಮದ ಮೇಲಿನ ಮಹಡಿಯಲ್ಲಿದ್ದವರೆಲ್ಲ ತೊಂಬತ್ತರ ಆಸುಪಾಸಿನವರು. ಅಲ್ಲಿಗೆ ಹೊಸದಾಗಿ ಸೇರಿದ ನರ್ಸಿಗೆ ಮೊದಲ ದಿನವೇ ಏನೋ ಸರಿಯಿಲ್ಲ ಅನ್ನಿಸಿತು. ಹಿಂದೆ ದುಡಿದ ಕಡೆಯೆಲ್ಲ ಮುದುಕರು ಬೈಯುತ್ತಿದ್ದರು, ಅಳುತ್ತಿದ್ದರು, ಗಂಜಿ ಬೇಡವೆಂದು ಹಟ ಹಿಡಿಯುತ್ತಿದ್ದರು. ಇಲ್ಲಿ ನಡುಮಧ್ಯಾಹ್ನವೂ ಸಾಲು ಮಂಚಗಳಿಂದ ಉಸಿರಾಟವಲ್ಲದೆ ಬೇರೆ ಸದ್ದಿಲ್ಲ.

ಮಾತಾಡುತ್ತಿದ್ದವಳು ಒಬ್ಬಳೇ, ತಿಂಗಳ ಹಿಂದಷ್ಟೇ ಸೇರಿದ್ದ ಒಬ್ಬ ಅಜ್ಜಿ. ಕಣ್ಣು ಬಿಟ್ಟ ಗಳಿಗೆಯಿಂದ ಬಾಯಿಗೆ ಬಿಡುವಿಲ್ಲದ್ದರಿಂದ ಆಯಾಗಳು ಅವಳಿಗೆ ರೇಡಿಯೋ ಅಜ್ಜಿ ಎಂದು ಹೆಸರಿಟ್ಟಿದ್ದರು. ನರ್ಸು ಮೈ ಒರೆಸಲು ಹೋದಾಗ ಅಜ್ಜಿ ಅಂದಳು, "ಮೆಲ್ಲಗೆ ಉಜ್ಜಮ್ಮಾ, ಹಳೇ ಚರ್ಮ. ಹರಿದರೆ ಬದಲಿ ಸಿಗಲ್ಲ." ನರ್ಸು ಫಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ. ಪಕ್ಕದ ಮಂಚದತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ಅವಳು ನಾನು ಬಂದ ದಿನ ಹಾಡು ಹೇಳ್ತಿದ್ದಳು ಕಣೇ. ಈಗ ನೋಡು."

ವಾರ್ಡಿನ ಮೇಲ್ವಿಚಾರಣೆ ದೊಡ್ಡ ಸಿಸ್ಟರ್ ಅವರದು. ಅವರು ಕೆಟ್ಟವರೆಂದು ಯಾರೂ ಹೇಳುವಂತಿರಲಿಲ್ಲ. ಯಾರ ಬೆನ್ನಲ್ಲೂ ಹುಣ್ಣಾಗಲು ಬಿಟ್ಟವರಲ್ಲ, ಒಂದು ದಿನವೂ ದನಿ ಏರಿಸಿದವರಲ್ಲ. ಎಲ್ಲರ ತಲೆಯನ್ನೂ ತಾವೇ ಬಾಚುತ್ತಿದ್ದರು, "ನನ್ನ ಮಗು, ನನ್ನ ಬಂಗಾರ" ಎನ್ನುತ್ತ. ರೇಡಿಯೋ ಅಜ್ಜಿ ಮಾತ್ರ ತಲೆ ಕೊಡವಿ, "ನಾನು ಯಾರ ಮಗುನೂ ಅಲ್ಲ" ಅಂದಿದ್ದಳು.

ಆ ಮಾತಿನ ಮರುದಿನದಿಂದ ಅಜ್ಜಿಯ ಮಾತ್ರೆಗಳ ಜೊತೆ ಒಂದು ಸಣ್ಣ ಬಿಳಿ ಮಾತ್ರೆ ಸೇರಿಕೊಂಡಿತು.

"ಇದ್ಯಾಕೆ ಸಿಸ್ಟರ್? ಅಜ್ಜಿ ಚೆನ್ನಾಗೇ ಇದ್ದಾರಲ್ಲ."

"ಈ ವಯಸ್ಸಲ್ಲಿ ಅವರಿಗೆ ಬೇಕಾಗಿರೋದು ಶಾಂತಿ," ದೊಡ್ಡ ಸಿಸ್ಟರ್ ಅವಳ ಕೆನ್ನೆ ತಟ್ಟಿದರು. "ನೀನು ಹೊಸಬಳು. ಅಭ್ಯಾಸ ಆಗುತ್ತೆ."

ಅಜ್ಜಿಯ ಮಾತು ಮೊದಲು ತೊದಲಿತು, ಆಮೇಲೆ ನಿಂತೇಹೋಯಿತು. ಮಗಳು ನೋಡಲು ಬಂದಾಗ ತಾಯಿ ಬಾಯಿ ಅರೆತೆರೆದು ಮಲಗಿದ್ದಳು. ನರ್ಸು ಆಕೆಯನ್ನು ಮೆಟ್ಟಿಲ ಬಳಿಗೆ ಕರೆದೊಯ್ದು ಮಾತ್ರೆಯ ವಿಷಯ ಹೇಳಿದಳು. ಮಗಳು ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಬಿಡುತ್ತ ನಿಂತಳು.

"ಬಂದಾಗಲೆಲ್ಲ ಮನೆಗೆ ಕರ್ಕೊಂಡ್ಹೋಗು ಅಂತ ಪ್ರಾಣ ತಿಂತಿದ್ರು. ಎರಡು ದಿನ ನನಗೆ ಅನ್ನ ಇಳೀತಿರ್ಲಿಲ್ಲ. ಈಗ ನೆಮ್ಮದಿಯಾಗಿದ್ದಾರೆ. ಇರ್ಲಿ ಬಿಡಮ್ಮಾ."

ವಾರಕ್ಕೊಮ್ಮೆ ಬರುವ ಡಾಕ್ಟರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಸಿಸ್ಟರ್‌ಗೆ ಗೊತ್ತಿರುತ್ತೆ," ಎಂದು ಇಳಿದುಹೋದರು.

ಆಮೇಲೆ ನರ್ಸು ಯಾರಿಗೂ ಹೇಳದೆ ಆ ಬಿಳಿ ಮಾತ್ರೆಯನ್ನು ಬಚ್ಚಲಿಗೆ ಹಾಕತೊಡಗಿದಳು. ಕೆಲವು ದಿನ ಕಳೆದ ಮೇಲೆ ಅಜ್ಜಿಯ ಕಣ್ಣಿಗೆ ಬೆಳಕು ಬಂತು. ಇನ್ನು ವಾರ್ಡು ತುಂಬ ಮಾತು ಕೇಳಿಸುತ್ತದೆಂದು ನರ್ಸು ಹಿಗ್ಗಿದಳು. ಅಜ್ಜಿ ಮಾತ್ರ ಅವಳ ಸೆರಗನ್ನು ಜಗ್ಗಿ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದಳು: "ಮಾತ್ರೆ ಕೊಡ್ತಾ ಇದ್ದೀನಿ ಅಂತಲೇ ಹೇಳು. ನಾನು ಮಲಗಿರೋ ಹಾಗೇ ಇರ್ತೀನಿ."

ದೊಡ್ಡ ಸಿಸ್ಟರ್ ಬಾಚಣಿಗೆ ಹಿಡಿದು ಬಂದಾಗಲೆಲ್ಲ ಅಜ್ಜಿ ಕಣ್ಣು ಮುಚ್ಚಿ, ಬಾಯಿ ಅರೆತೆರೆದು ಬಿದ್ದುಕೊಳ್ಳುತ್ತಿದ್ದಳು. ಒಂದು ಬೆಳಗ್ಗೆ ಬಾಚಣಿಗೆ ನಡುವೆಯೇ ನಿಂತಿತು. ಸಿಸ್ಟರ್ ಬಗ್ಗಿ ಆ ಮುಖವನ್ನು ಬಹಳ ಹೊತ್ತು ನೋಡಿದರು. ಅಜ್ಜಿಯ ರೆಪ್ಪೆಗಳು ಅದುರುತ್ತಿದ್ದವು.

"ನನ್ನ ಬಂಗಾರಕ್ಕೆ ಎಚ್ಚರ ಇದೆ," ಸಿಸ್ಟರ್ ಮೆಲ್ಲಗೆ ಅಂದರು. ತಮ್ಮ ಜೇಬಿನಿಂದಲೇ ಒಂದು ಮಾತ್ರೆ ತೆಗೆದರು. ಹಿಂದೆ ನಿಂತಿದ್ದ ನರ್ಸಿನತ್ತ ತಿರುಗಲೂ ಇಲ್ಲ. "ನೀರು ತಗೊಂಡು ಬಾ."

ಬೇಡ ಅನ್ನುವ ಮಾತು ನರ್ಸಿನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಾಲು ನೀರಿನ ಹೂಜಿಯ ಕಡೆಗೆ ನಡೆಯಿತು. ಅವಳು ಲೋಟ ಹಿಡಿದು ನಿಂತಳು.

ಅಜ್ಜಿ ಕಣ್ಣು ತೆರೆದಳು. ಸಿಸ್ಟರ್ ಮುಖವನ್ನಲ್ಲ, ನರ್ಸಿನ ಮುಖವನ್ನು ನೋಡುತ್ತ ಮಾತ್ರೆಗೆ ಬಾಯಿ ತೆರೆದಳು.

"ನೋಡಿದೆಯಾ, ಎಷ್ಟು ಜಾಣೆ," ಎಂದರು ದೊಡ್ಡ ಸಿಸ್ಟರ್, ಮತ್ತೆ ಬಾಚತೊಡಗಿದರು.