ಕಾರ್ಡು ಮಲಗಿತ್ತು, ನಾವು ಕೂತಿದ್ದೆವು

ಸುಖೇಶ ಕೂರುವ ಕುರ್ಚಿಗೆ ಮೂರೇ ಕಾಲು. ನಾಲ್ಕನೆಯದರ ಜಾಗದಲ್ಲಿ ಒಂದು ಇಟ್ಟಿಗೆ. ಪುಣೆಯ ಧನಕವಡಿಯ ಆ ಸ್ಟುಡಿಯೋದಲ್ಲಿ ಏಸಿ ಇತ್ತು, ಇಲ್ಲವೆನ್ನಲಾರೆ. ಆದರೆ ಅದರ ಬಾಯಿ ಕಂಪ್ಯೂಟರಿನ ಕಡೆಗೆ, ಕಂಪ್ಯೂಟರಿನ ಬೆನ್ನು ಹುಡುಗರ ಕಡೆಗೆ. ತಂಪು ಅದಕ್ಕೆ, ಅದು ಬಿಟ್ಟ ಬಿಸಿಯುಸಿರು ಇವರಿಗೆ. ವೈಶಾಖದಲ್ಲಿ ಆ ಬಿಸಿಗೆ ಹಪ್ಪಳ ಹಿಡಿದರೆ ಸುಟ್ಟು ಬರುತ್ತಿತ್ತು. ನಾನೇ ಹಿಡಿದು ನೋಡಿದ್ದೇನೆ. ಒಂದು ಸೀದೂ ಹೋಯಿತು.

ನಾನು ಗೌರಾಬಾಯಿ, ಹುಡುಗರ ಬಾಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ. ಅಲ್ಲಿ ಕಸ ಗುಡಿಸಿ ಚಹಾ ಮಾಡುವವಳು. ಗಂಡ ಹೋದ ಮೇಲೆ ನನಗೆ ಉಳಿದದ್ದು ಕಸಬರಿಗೆ ಮತ್ತು ನಾಲಿಗೆ. ಕಸಬರಿಗೆ ಆಗಾಗ ಸವೆಯುತ್ತದೆ.

ಸ್ಟುಡಿಯೋದ ಯಜಮಾನರು ಅಂಬಾದಾಸ ಶೇಟ್ಜಿ. ಮದುವೆ, ಮುಂಜಿವೆ, ತೊಟ್ಟಿಲ ಶಾಸ್ತ್ರ, ಯಾವುದೇ ಇರಲಿ, ಚಿತ್ರ ತೆಗೆದು ವಿಡಿಯೋ ಮಾಡಿಕೊಡುವುದು ಅವರ ವ್ಯಾಪಾರ. ಮಾಡುವವರು ಮಾತ್ರ ಈ ಮೂವರು. ಗೋಕಾಕದ ಕಡೆಯ ಸುಖೇಶ, ಹೊಡೆದರೂ ‘ಹೌದ್ರಿ’ ಅನ್ನುವ ಹುಡುಗ. ಧಾರವಾಡದವರ ಮಗಳು ಪೂರ್ವಾ, ಪುಣೆಯಲ್ಲೇ ಹುಟ್ಟಿದವಳು, ಸಿಟ್ಟು ಬಂದರೆ ಮರಾಠಿ. ಬೆಂಗಳೂರಿನ ಚಲುವರಾಜು, ಮಾತಿಗೆ ಮೊದಲು ಇಂಗ್ಲಿಷು, ಆಮೇಲೆ ನಗು.

ಅಲ್ಲಿ ಒಂದು ಕಾಯಿದೆ ಇತ್ತು. ತುಂಡು ತುಂಡಾಗಿ ಜೋಡಿಸಿದ ಮದುವೆಯನ್ನು ಕಂಪ್ಯೂಟರು ಒಂದೇ ಸಿನಿಮಾ ಮಾಡಿ ಹೊರಗೆ ಹಾಕುತ್ತದಲ್ಲ, ಅದಕ್ಕೆ ಇವರು ಎಕ್ಸ್‌ಪೋರ್ಟ್ ಅನ್ನುತ್ತಾರೆ. ಎಕ್ಸ್‌ಪೋರ್ಟ್ ಮುಗಿಯುವ ತನಕ ಯಾರೂ ಜಾಗ ಬಿಟ್ಟು ಏಳುವಂತಿಲ್ಲ. ನಡುವೆ ಮಷಿನ್ ನಿಂತುಹೋದರೆ ಎಂದು ಶೇಟ್ಜಿಗೆ ಭಯ. ಮುಗಿಯುವುದೋ, ಎಂಟು ತಾಸು, ಒಂಬತ್ತು ತಾಸು. ಸುಖೇಶನ ಹೆಂಡತಿ ಸ್ನೇಹಲ್ ಬೆಳಗಾಂವಿಯಲ್ಲಿ ಹೆತ್ತದ್ದೇ ಅದಕ್ಕಿಂತ ಬೇಗ. ಆ ಹೊತ್ತೂ ಇವನು ಇಲ್ಲೇ, ಯಾರದೋ ಅರಿಶಿನ ಎಣ್ಣೆಯ ಎಕ್ಸ್‌ಪೋರ್ಟಿಗೆ ಕಾವಲು.

ದೀಪಾವಳಿಗೆ ಶೇಟ್ಜಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು.

“ಈ ಸಲ ಬೋನಸ್ ಇಲ್ಲ. ಆ ರೊಕ್ಕದಾಗ ಗ್ರಾಫಿಕ್ಸ್ ಕಾರ್ಡ್ ತರತೇನಿ. ಅದು ಬಂತಂದ್ರ ನಿಮ್ಮ ಕೆಲಸ ಎಲ್ಲಾ ಅದ ಮಾಡತದ. ಸಂಜೀಕ ಆರಕ್ಕ ಮನಿಗೆ ಹೋಗ್ರಿ, ಮಕ್ಕಳನ್ನ ಆಡಿಸ್ರಿ.”

ಬೋನಸ್ಸು ಹೋಯಿತು, ಕಾರ್ಡು ಬಂತು. ಅಬ್ಬಾ, ಅದರ ಠೀವಿಯೇ! ಗಾಜಿನ ಪೆಟ್ಟಿಗೆಯೊಳಗೆ ಅಡ್ಡ ಮಲಗಿ, ಮೂರು ಫ್ಯಾನು ಬೀಸಿಕೊಂಡು, ಕೆಂಪು ನೀಲಿ ದೀಪ ಹಾಕಿಕೊಂಡಿತು. ಗಿರಾಕಿ ಬಂದರೆ ಶೇಟ್ಜಿ ಮೊದಲು ಅದರ ದರ್ಶನ ಮಾಡಿಸುತ್ತಿದ್ದರು. ಕೆಲವರು ಚಪ್ಪಲಿ ಕಳಚಿ ಒಳಗೆ ಬಂದರು.

ಎಕ್ಸ್‌ಪೋರ್ಟ್ ಮಾತ್ರ ಮತ್ತೆ ಎಂಟು ತಾಸು.

ಈಗ ಹೇಳುವ ದಿನ ಸುಖೇಶ ಬೆಳಿಗ್ಗೆಯೇ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಮರುದಿನ ಬೆಳಗಾಂವಿಯಲ್ಲಿ ಅವನ ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು. ಪುಣೆಯ ಅರ್ಧ ಮಕ್ಕಳ ತೊಟ್ಟಿಲನ್ನು ಕಂಪ್ಯೂಟರಿನಲ್ಲಿ ಇವನೇ ತೂಗಿದ್ದಾನೆ. ತನ್ನ ಕೂಸನ್ನು ಫೋನಿನಲ್ಲಿ ಬಿಟ್ಟರೆ ಕಂಡಿಲ್ಲ. ಸಂಜೆ ಸ್ವಾರಗೇಟಿನಿಂದ ಬಸ್ಸು.

“ಮಾವಶಿ, ಇವತ್ತ ಬಸ್ ತಪ್ಪಿದ್ರ ಸ್ನೇಹಲ್ ನನ್ನ ಮನಿಯೊಳಗ ಕರಕೊಳ್ಳಂಗಿಲ್ಲ,” ಅಂದ.

“ಕರಕೊಳ್ಳತಾಳ ತಗೋ. ಆದ್ರ ಕೂಸು ನಿನ್ನ ನೋಡಿ ‘ಯಾರಿಂವ?’ ಅಂತದ,” ಅಂದೆ.

ಅವನ ಮುಖ ಸಣ್ಣದಾಯಿತು. ಚೇಷ್ಟೆ ಮಾಡಬಾರದಿತ್ತು ಅನ್ನಿಸಿ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿದೆ.

ಮಧ್ಯಾಹ್ನ ಒಂದು ದೊಡ್ಡ ಮದುವೆಯ ವಿಡಿಯೋ ಸಿದ್ಧವಾಯಿತು. ಗಿರಾಕಿ ಮರುದಿನ ಬೆಳಿಗ್ಗೆಯೇ ಬರುವವರು. ಸುಖೇಶ ಎಕ್ಸ್‌ಪೋರ್ಟ್ ಒತ್ತಿದ. ಇನ್ನೂ ಎಂಟು ತಾಸು ಅಂತ ಪರದೆ ಹೇಳಿತಂತೆ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದ. ಅದರಲ್ಲಿ ಯಾರು ಎಷ್ಟು ದುಡಿಯುತ್ತಿದ್ದಾರೆ ಅಂತ ಗೆರೆ ಕಾಣುತ್ತದೆ. ನನಗೆ ಓದಲು ಬರುವುದಿಲ್ಲ, ಗೆರೆ ನೋಡಲು ಬರುತ್ತದೆ. ಒಂದು ಗೆರೆ ಮಾಳಿಗೆ ಮುಟ್ಟಿತ್ತು. ಇನ್ನೊಂದು ನೆಲಕ್ಕೆ ಅಂಟಿಕೊಂಡಿತ್ತು.

“ಮ್ಯಾಲಿಂದು ಯಾರದು?”

“ಪ್ರೊಸೆಸರ್ ಮಾವಶಿ. ಮೊದಲಿನಿಂದ ಇದ್ದದ್ದು. ನೂರಕ್ಕ ನೂರು ದುಡೀಲಿಕ್ಕತ್ತೇದ,” ಅಂದಳು ಪೂರ್ವಾ.

“ಕೆಳಗ ಬಿದ್ದದ್ದು?”

“ಕಾರ್ಡು. ನೂರರಾಗ ಮೂರು.”

“ಅಯ್ಯ, ಹಬ್ಬಕ್ಕ ಬಂದ ಅಳಿಯ ಇದ್ದಂಗ ಐತಲ್ಲವಾ! ಗಾಳಿ ಅದಕ್ಕ, ದೀಪ ಅದಕ್ಕ, ಬೋನಸ್ ಅದಕ್ಕ. ಕೆಲಸಕ್ಕ ಮಾತ್ರ ಮನಿ ಸೊಸಿ!”

ನನ್ನ ಕೂಗು ಕೇಳಿ ಶೇಟ್ಜಿ ತಮ್ಮ ಕೋಣೆಯಿಂದ ಹೊರಗೆ ಬಂದರು. ಗೆರೆ ನೋಡಿದರು. ಮೂವರನ್ನೂ ನೋಡಿದರು.

“ನಿಮ್ಮನ್ನ ನೋಡೇ ಕಲತದ ಅದು. ನೀವು ಮೈಗಳ್ಳರು, ಅದೂ ಮೈಗಳ್ಳ ಆತು.”

“ಶೇಟ್ಜಿ, ಎಲ್ಲೋ ಏನೋ ತಪ್ಪೇದ್ರಿ. ಸ್ವಲ್ಪ ಹುಡುಕತೇವ್ರಿ,” ಅಂದ ಸುಖೇಶ.

“ಹುಡುಕೂದೇನದ? ದೃಷ್ಟಿ ಆಗೇದ. ಕಂಡಕಂಡವರೆಲ್ಲಾ ನೋಡಿ ಹೋಗ್ಯಾರ.”

ಲಿಂಬೆಹಣ್ಣು ಮೆಣಸಿನಕಾಯಿ ತರಿಸಿ ಪೆಟ್ಟಿಗೆಗೆ ಕಟ್ಟಿಸಿದರು. ಆಮೇಲೆ ಎಲೆ ಅಡಿಕೆ ತರಲು ಹೊರಗೆ ಹೋದರು. ಗೆರೆ ಮೂರರಿಂದ ಎರಡಕ್ಕೆ ಇಳಿಯಿತಂತೆ.

ಹುಡುಗರು ಎಕ್ಸ್‌ಪೋರ್ಟ್ ನಿಲ್ಲಿಸಿ ಹುಡುಕತೊಡಗಿದರು. ಚಲುವರಾಜು ಮೇಜಿನ ಕೆಳಗೆ ತೂರಿದ.

“ಮಾನಿಟರ್ ಕೇಬಲ್ ಕರೆಕ್ಟಾಗಿ ಕಾರ್ಡ್‌ಗೇ ಹಾಕಿದೆ ಮಗಾ. ಅದಲ್ಲ.”

“ಸೆಟ್ಟಿಂಗನಾಗ ಕಾರ್ಡಿನ ಹೆಸರ ಅದ,” ಅಂದ ಸುಖೇಶ.

“ಕಾರ್ಡ್ ಓಡಿಸೋ ಹೊಸ ಡ್ರೈವರ್ ಸಾಫ್ಟ್‌ವೇರೂ ಹಾಕಿದ್ದೀನಿ, ಪೋನ ವಾರಂ... ಛೇ, ಹೋದ ವಾರ.” ಚಲುವರಾಜುವಿಗೆ ಗಡಿಬಿಡಿಯಾದರೆ ತಮಿಳು ಬರುತ್ತಿತ್ತು. ಯಾಕೆಂದು ಅವನಿಗೂ ಗೊತ್ತಿಲ್ಲ.

“ಮತ್ತ ಡಿಸ್ಕು?” ಪೂರ್ವಾ ಕೇಳಿದಳು. ವಿಡಿಯೋವನ್ನು ಹಳೆಯ ನಿಧಾನದ ಡಿಸ್ಕಿನಿಂದ ಹೊಸದಕ್ಕೆ ಸಾಗಿಸಿದರು. ಅದು ಸಾಗುವಷ್ಟರಲ್ಲಿ ನಾನು ಸ್ಟುಡಿಯೋ ಗುಡಿಸಿ, ಅಂಗಳ ಗುಡಿಸಿ, ಸಾತಾರಾ ರಸ್ತೆಯನ್ನೂ ಗುಡಿಸಿ ಬರಬಹುದಿತ್ತು. ಗೆರೆ ಮಿಸುಕಲಿಲ್ಲ.

ಸುಖೇಶ ಗೋಡೆಯ ಗಡಿಯಾರ ನೋಡಿದ. ನೋಡಿ ನೋಡಿ ಅದರ ಮುಳ್ಳು ಸವೆದಿರಬೇಕು.

ಪೂರ್ವಾ ಕೂದಲು ಗಂಟು ಹಾಕಿಕೊಂಡಳು. “ಥಾಂಬಾ. ನಿಲ್ಲು. ಒಂದ ನಿಮಿಷದ ತುಂಡು ತಗೊಳ್ಳೂಣು. ಮ್ಯಾಲಿನ ಅಲಂಕಾರ ಒಂದೊಂದ ಬಂದ್ ಮಾಡಿ ನೋಡೂಣು. ಯಾವುದು ತಗದ ಮ್ಯಾಲೆ ಕಾರ್ಡು ಏಳತದೋ, ಅದ ಕಳ್ಳ.”

ಬಣ್ಣ ತೆಗೆದರು. ಕಾರ್ಡು ಮಲಗಿಯೇ ಇತ್ತು. ಮದುಮಗಳ ಸೀರೆ ನಿಧಾನಕ್ಕೆ ಹಾರುವುದನ್ನು ನಿಲ್ಲಿಸಿದರು. ಮಲಗಿತ್ತು. ಅಕ್ಕಿಕಾಳಿನ ಹೊಳಪು, ತೇಲುವ ಹೃದಯ, ಮಾವನ ಬೋಳುತಲೆಯ ಮೇಲಿನ ಮಿಂಚು, ಎಲ್ಲ ತೆಗೆದರು. ಕಾರ್ಡು ಮಗ್ಗುಲೂ ಬದಲಿಸಲಿಲ್ಲ.

“ಇನ್ನೇನೂ ಉಳಿದಿಲ್ಲ ಕಣೋ,” ಅಂದ ಚಲುವರಾಜು.

“ಮೂಲ್ಯಾಗ ಶೇಟ್ಜಿ ಅದಾರಲ್ಲ,” ಅಂದೆ ನಾನು.

ಮೂವರೂ ನನ್ನನ್ನು ನೋಡಿದರು. ನಾನು ಜಾಣತನದಿಂದ ಅಂದದ್ದಲ್ಲ. ಪರದೆಯಲ್ಲಿ ನನಗೆ ಗುರುತು ಸಿಗುವ ಮುಖ ಅದೊಂದೇ.

ಅದನ್ನು ನಿಮಗೆ ಹೇಳಬೇಕು. ಪ್ರತಿ ವಿಡಿಯೋದ ಬಲಮೂಲೆಯಲ್ಲಿ ಮೊದಲಿನಿಂದ ಕೊನೆಯ ತನಕ ಶೇಟ್ಜಿಯ ಮುಖ ಇರುತ್ತದೆ. ಬಂಗಾರದ ಕಮಲದೊಳಗೆ. ಇಪ್ಪತ್ತು ವರ್ಷ ಚಿಕ್ಕವರು, ಮೀಸೆ ಕಪ್ಪು. ಕಮಲ ಗಿರಗಿರ ತಿರುಗುತ್ತದೆ, ಮುಖವೂ ತಿರುಗುತ್ತದೆ, ಸುತ್ತ ಸಾವಿರಾರು ಚೆಂಡುಹೂವಿನ ಎಸಳು ಸುರಿಯುತ್ತವೆ. ತಾಳಿ ಕಟ್ಟುವಾಗಲೂ ಸುರಿಯುತ್ತವೆ, ಬೀಗರು ಜಗಳಾಡುವಾಗಲೂ ಸುರಿಯುತ್ತವೆ. ಒಂದು ಮದುವೆಯ ವಿಡಿಯೋ ಹಾಕಿದಾಗ ಕುರುಡು ಅಜ್ಜಿಯೊಬ್ಬಳು ಮಾತ್ರ ಇವರನ್ನು ನೋಡಲಿಲ್ಲ. ಉಳಿದವರೆಲ್ಲ ಇವರನ್ನೇ ವರ ಅಂದುಕೊಂಡರು. ಈ ಕಮಲ ಶೇಟ್ಜಿಯ ಅಳಿಯನೊಬ್ಬ ಬಹಳ ಹಿಂದೆ ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡು ಮಾಡಿಕೊಟ್ಟದ್ದು. ಹೊಸ ಕೆಲಸ ತೆರೆದರೆ ಅದು ಮೊದಲೇ ಅಲ್ಲಿ ಕೂತಿರುತ್ತದೆ. ಅದು ತೆಗೆಯಬಹುದಾದ ವಸ್ತು ಅಂತ ಯಾರಿಗೂ ಹೊಳೆದೇ ಇರಲಿಲ್ಲ. ಮನೆ ಗುಡಿಸುವಾಗ ಗೋಡೆಯನ್ನು ಯಾರು ಸರಿಸುತ್ತಾರೆ?

ಸುಖೇಶ ಮೌಸಿನ ಬಾಣವನ್ನು ಶೇಟ್ಜಿಯ ಮೂಗಿನ ಮೇಲೆ ತಂದು ನಿಲ್ಲಿಸಿದ. “ತಗೀಲೇನ?”

“ತಗಿ,” ಅಂದಳು ಪೂರ್ವಾ.

ಮುಖ ಹೋಯಿತು. ಎಕ್ಸ್‌ಪೋರ್ಟ್ ಒತ್ತಿದ. ನೆಲದ ಗೆರೆ ಎದ್ದು ಮಾಳಿಗೆಯ ಹತ್ತಿರ ನಿಂತಿತು. ಮೂರು ಫ್ಯಾನೂ ಹೋ ಅಂತ ಗರ್ಜಿಸಿದವು. ಲಿಂಬೆಹಣ್ಣು ಜೋಕಾಲಿ ಆಡಿತು. ನಾನು ಸೆರಗು ಕಚ್ಚಿಕೊಂಡೆ, ಪೆಟ್ಟಿಗೆ ಹಾರಿ ಹೋಗುತ್ತದೆ ಅಂತ. ಒಂದು ನಿಮಿಷದ ತುಂಡು ಸೀನುವಷ್ಟರಲ್ಲಿ ಮುಗಿಯಿತು.

ಚಲುವರಾಜು ನೆಲದ ಮೇಲೆ ಕೂತು ನಕ್ಕ. “ಹಳೇ ಕಾಲದ ಎಫೆಕ್ಟು ಗುರೂ! ಇದಕ್ಕೆ ಕಾರ್ಡ್ ಅಂದ್ರೇನು ಅಂತಾನೇ ಗೊತ್ತಿಲ್ಲ. ಒಂದ್ ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಒಂದೊಂದು ಚಿತ್ರಕ್ಕೂ ಪಾಪ ಪ್ರೊಸೆಸರ್ ಒಬ್ಬನೇ ಕೂತ್ಕೊಂಡು ಎಸಳು ಎಣಿಸ್ತಾ ಇದೆ. ಎಣಿಸಿ ಮುಗಿಸಿ ಕೊಟ್ರೆ ತಾನೆ ಕಾರ್ಡಿಗೆ ಕೆಲಸ? ಅದು ಬಾಗಿಲಲ್ಲಿ ಕಾಯ್ತಾ ನಿದ್ದೆ ಹೋಗಿದೆ.”

“ಅಂದ್ರ ನನ್ನ ಹೆಂಡತಿ ಹಡಿಯೂವಾಗ...” ಸುಖೇಶ ಪೂರ್ತಿ ಹೇಳಲಿಲ್ಲ.

“ಹೌದಪ್ಪಾ. ನೀ ಇಲ್ಲೆ ಶೇಟ್ಜಿಗೆ ಹೂವ ಹಾಕಲಿಕ್ಕತ್ತಿದ್ದಿ,” ಅಂದೆ.

ಈ ಸಲ ಯಾರೂ ನಗಲಿಲ್ಲ. ನಾನೂ ನಗಲಿಲ್ಲ. ಸುಖೇಶ ಮುಖ ಬಿಟ್ಟು ಉಳಿದ ಅಲಂಕಾರವನ್ನೆಲ್ಲ ಮತ್ತೆ ಹಾಕಿ ಇಡೀ ಮದುವೆಗೆ ಎಕ್ಸ್‌ಪೋರ್ಟ್ ಒತ್ತಿದ, ಅರ್ಧ ತಾಸು ಅಂತ ಪರದೆ ಹೇಳಿತಂತೆ.

ಅಷ್ಟರಲ್ಲಿ ಶೇಟ್ಜಿ ಬಾಯಿ ತುಂಬ ಎಲೆ ಹಾಕಿಕೊಂಡು ಬಂದರು. ಕಾರ್ಡಿನ ಗರ್ಜನೆಗೆ ಖುಷಿಯಾಗಿ ಲಿಂಬೆಹಣ್ಣಿಗೆ ಕೈ ಮುಗಿದರು. ಆಮೇಲೆ ಪರದೆಯ ಮೂಲೆ ನೋಡಿದರು. ಎಲೆ ನುಂಗಿಬಿಟ್ಟರು.

“ನಾ ಎಲ್ಲೆ?”

ಪೂರ್ವಾ ಎಲ್ಲ ಹೇಳಿದಳು.

“ನನ್ನ ಮುಖದಿಂದ ಮಷಿನ್ ನಿಧಾನ ಅಂತೀ ಏನ?”

“ಮುಖ ಅಲ್ರಿ, ಅದರ ಸುತ್ತಿನ ಹೂವು. ಹೂವು ತಿರುಗೂದು ಬಂದ್ ಮಾಡಿ ಬರೇ ಫೋಟೊ ಇಡತೇವ್ರಿ. ಹೆಸರೂ ಇರತದ,” ಅಂದ ಸುಖೇಶ, ಕೈ ಕಟ್ಟಿಕೊಂಡು.

“ಹುಚ್ಚ! ಮುಖ ತಿರುಗದ ಸುಮ್ಮನ ನಿಂತ್ರ ಅದು ತೀರಿಹೋದವರ ಫೋಟೊ ಆಗತದ! ಮಂದಿ ಮನಿಗೆ ಮಾತಾಡಸಲಿಕ್ಕ ಬರತಾರ! ಹಾಕ ಅದನ್ನ ಇದ್ದಂಗ.”

“ಶೇಟ್ಜಿ, ನನ್ನ ಬಸ್...”

“ಬಸ್ ದಿನಾ ಬರತದ.”

“ಮಗಳನ್ನ ತೊಟ್ಟಲದಾಗ ಹಾಕೂದು ದಿನಾ ಬರಂಗಿಲ್ರಿ.”

“ವಿಡಿಯೋ ಮಾಡಸು. ನಾನ ಪುಕ್ಕಟ ಎಡಿಟ್ ಮಾಡಸಿ ಕೊಡತೇನಿ.”

ಎಡಿಟ್ ಮಾಡುವವನು ಯಾರು? ಇದೇ ಸುಖೇಶ. ಅದರ ಮೂಲೆಯಲ್ಲಿ ತಿರುಗುವವರು ಯಾರು? ಇದೇ ಶೇಟ್ಜಿ. ಕೂಸು ದೊಡ್ಡದಾಗಿ ನೋಡಿದರೆ ತನ್ನ ಅಪ್ಪ ಇವರೇ ಅಂದುಕೊಳ್ಳಬೇಕು.

ಸುಖೇಶ ಪರದೆಯ ಕಡೆಗೆ ತಿರುಗಿದ. ಶೇಟ್ಜಿಯ ಮುಖವನ್ನು ಮೊದಲಿನ ಜಾಗದಲ್ಲೇ ಇಟ್ಟ. ಹೂವು ಹಾಕಿದ. ಎಕ್ಸ್‌ಪೋರ್ಟ್ ಒತ್ತಿದ. ಕಾರ್ಡು ಮಲಗಿತು. ಶೇಟ್ಜಿ ಮೀಸೆ ನೀವಿಕೊಂಡರು.

ಆಗ ಸುಖೇಶ ಎದ್ದ. ಮೂರು ಕಾಲಿನ ಕುರ್ಚಿಯನ್ನು ಶೇಟ್ಜಿಯ ಕಡೆಗೆ ತಿರುಗಿಸಿದ. ಅದರ ಕೂರುವ ಜಾಗವನ್ನು ಅಂಗಿಯ ತೋಳಿನಿಂದ ಒರೆಸಿದ.

“ಕುಂಡ್ರಿ,” ಅಂದ.

“ಏನಂದಿ?”

“ನನ್ನ ಕೆಲಸ ಮುಗದದ್ರಿ. ಮದುವಿ ಎಕ್ಸ್‌ಪೋರ್ಟ್ ಅರ್ಧಾ ತಾಸಿಂದು. ಉಳಿದ ಏಳೂವರಿ ತಾಸು ನಿಮ್ಮ ಮುಖದ್ದು. ಅದನ್ನ ನೀವ ಕಾಯ್ರಿ.”

ಹೊಡೆದರೂ ‘ಹೌದ್ರಿ’ ಅನ್ನುವ ಹುಡುಗ! ನನ್ನ ಕೈಯಿಂದ ಚಹಾದ ಬಟ್ಟಲು ಬಿದ್ದು ಹೋಯಿತು. ಸ್ಟೀಲಿಂದು, ಊರಾಚೆಯ ಕಾತ್ರಜ ಘಾಟಿನ ತನಕ ಕೇಳಿಸಿರಬೇಕು.

“ನಾಳೆಯಿಂದ ಬರಬ್ಯಾಡ ನೀ!”

“ಹಂಗಾರ ನಾನೂ ಬರಂಗಿಲ್ಲ,” ಪೂರ್ವಾ ಪರ್ಸು ಎತ್ತಿಕೊಂಡಳು.

“ನೀನೂ ಹೋಗು!”

ಚಲುವರಾಜು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡ. “ಓಕೆ ಸಾರ್. ಬೆಳಿಗ್ಗೆ ಕ್ಲೈಂಟ್ ಬಂದು ‘ಹುಡುಗಿಯ ಅತ್ತೇನ ಸ್ವಲ್ಪ ತೆಳ್ಳಗೆ ಮಾಡಿ’ ಅಂತಾರೆ. ನೀವೇ ಮಾಡ್ಬಿಡಿ. ಈಸಿ ಸಾರ್.”

ಶೇಟ್ಜಿ ಮೌಸಿನ ಕಡೆಗೆ ಒಮ್ಮೆ ನೋಡಿದರು. ಯಜಮಾನರಿಗೆ ಮೌಸು ಯಾವ ಕೈಯಲ್ಲಿ ಹಿಡಿಯಬೇಕು ಅನ್ನುವುದೂ ಅನುಮಾನ ಅಂತ ಎಲ್ಲರಿಗೂ ಗೊತ್ತಿತ್ತು.

ಮೂವರೂ ಚಪ್ಪಲಿ ಹಾಕಿಕೊಂಡರು. ಬಾಗಿಲಲ್ಲಿ ಸುಖೇಶನಿಗೆ ಹೇಳಿದೆ: “ಕೂಸಿಗೆ ಗೌರಾ ಅಂತ ಹೆಸರಿಡು. ಬಾಯಿ ಗಟ್ಟಿ ಆಗತದ.”

“ಇಂದೂ ಅಂತ ಆಗಲೇ ಠರಾವ್ ಆಗೇದ ಮಾವಶಿ,” ಅಂದ. ಮೆಟ್ಟಿಲು ಇಳಿದ ಸದ್ದು ಕೇಳಲಿಲ್ಲ. ಹಾರಿಯೇ ಹೋಗಿರಬೇಕು.

ಒಳಗೆ ಶೇಟ್ಜಿ ಇಟ್ಟಿಗೆಯ ಕುರ್ಚಿಯ ಮೇಲೆ ಕೂತರು. ಬಿಸಿಗಾಳಿ ಹೊಡೆಯಿತು. ಬೆವರು ಒರೆಸಿಕೊಂಡರು. ಎದುರಿಗೆ ಅವರ ಮುಖವೇ ತಿರುಗುತ್ತಿತ್ತು. ಮೊದಲು ಅದನ್ನು ನೋಡಿ ನಕ್ಕರು. ನೂರು ಸುತ್ತಾದ ಮೇಲೆ ನಗು ಹೋಯಿತು. ಸಾವಿರ ಸುತ್ತಾದ ಮೇಲೆ ತಲೆ ತಿರುಗಿ ಮೇಜು ಹಿಡಿದುಕೊಂಡರು.

“ಗೌರಾಬಾಯಿ, ನೀ ಇಲ್ಲೆ ಕುಂಡ್ರು. ನನಗ ಒಂದ ಊಟಕ್ಕ ಹೋಗೂದದ. ನೂರು ಅಂತ ಬಂತಂದ್ರ ಫೋನ್ ಮಾಡು.”

“ನನಗ ಓದಲಿಕ್ಕ ಬರಂಗಿಲ್ರಿ ಶೇಟ್ಜಿ. ನೂರೂ ಒಂದ, ಹನ್ನೊಂದೂ ಒಂದ. ಹನ್ನೊಂದಕ್ಕ ಬಂದ್ ಮಾಡಿಬಿಟ್ರ?”

ಸುಳ್ಳಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅದು ನನ್ನ ಉಪಯೋಗಕ್ಕೆ ಬಂತು.

ಕಸಬರಿಗೆ ಮೂಲೆಗಿಟ್ಟು ಸೆರಗು ಸರಿಮಾಡಿಕೊಂಡೆ. ಶೇಟ್ಜಿ ಪರದೆಯ ಕಡೆಗೆ ಬಗ್ಗಿ, ಮೆಲ್ಲಗೆ, ಬೇರೆ ಯಾರಿಗೋ ಕೇಳುವವರ ಹಾಗೆ ಕೇಳಿದರು:

“ಬಾಯಿ... ಈ ಮುಖ ತಗಿಯೂದು ಹ್ಯಾಂಗ?”

“ಹುಡುಗರಿಗೆ ಗೊತ್ತರಿ.”

ಪೂರ್ವಾಗೆ ಫೋನ್ ಹಚ್ಚಿದರು, ಅವಳು ಕತ್ತರಿಸಿದಳು. ಚಲುವರಾಜುವಿನದು ಬಂದಾಗಿತ್ತು. ಕೊನೆಗೆ ಸುಖೇಶನಿಗೆ ಹಚ್ಚಿದರು. ಒಂದು ಸಲ, ಎರಡು ಸಲ, ಇನ್ನೊಂದು ಸಲ.

“ಹತ್ತವಲ್ದು,” ಅಂದರು, ಅಳುಮುಖ ಮಾಡಿ.

“ಬಸ್ಸು ಕಾತ್ರಜದ ಸುರಂಗದಾಗ ಇರಬೇಕ್ರಿ. ಹೊರಗ ಬರೂತನಕಾ ಕುಂಡ್ರಿ,” ಅಂದು ನಾನು ಮೆಟ್ಟಿಲು ಇಳಿದೆ.

ಆ ದಿನ ಆ ಸುರಂಗ ಬೆಳಗಾಂವಿಯ ತನಕ ಉದ್ದವಿತ್ತು.