ಗೌಡರ ನಂಬಿಕೆಯ ಮನುಷ್ಯ

ನನಗೆ ಹನುಮಂತ್ರಾಯಗೌಡರ ಮೇಲೆ ಸಿಟ್ಟಿದೆ, ಮಾರೆಪ್ಪನ ಮೇಲೂ ಸಿಟ್ಟಿದೆ. ನನ್ನ ಮೇಲೆ ಇರುವುದಕ್ಕೆ ಸಿಟ್ಟು ಅನ್ನುವ ಮಾತು ಸಾಲದು.

ನಾನು ಲಾಲ್ ಸಾಬ್. ದೇವದುರ್ಗದ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದು ಹೊಟ್ಟೆ ಹೊರೆಯುವವನು. ಒಬ್ಬನ ಹೆಸರಿನಲ್ಲಿ ಇಂತಿಷ್ಟೇ ಜಮೀನಿರಬೇಕು, ಮಿಕ್ಕಿದ್ದು ಸರ್ಕಾರಕ್ಕೆ ಎಂಬ ಕಾಯ್ದೆಯ ಬಿಸಿ ನಮ್ಮ ಕಡೆ ಮುಟ್ಟಿದ್ದು ಎಪ್ಪತ್ತಾರರಲ್ಲಿ. ಅರಕೇರಾದ ಗೌಡರು ಹದಿನೆಂಟು ಎಕರೆಯನ್ನು ತಮ್ಮ ಆಳು ಮಾರೆಪ್ಪನ ಹೆಸರಿಗೆ ಮಾಡಿಸಿದರು. ಹೆಸರಿಗೆ ಮಾತ್ರ. ಆ ಕಾಗದ ಬರೆದವನು ನಾನೇ.

ಇಬ್ಬರೂ ಓರಗೆಯವರು, ಒಂದೇ ಹಳ್ಳದಲ್ಲಿ ಈಜು ಕಲಿತವರು. ಗೌಡರು ಅವನನ್ನು ದೋಸ್ತ ಅನ್ನುತ್ತಿದ್ದರು. ಅಂಗಳ ದಾಟಿ ಒಳಗೆ ಎಂದೂ ಕರೆಯದ ದೋಸ್ತಿ ಅದು. ಆದರೂ ಮಾರೆಪ್ಪ ನಂಬಿದ್ದ.

“ಊರಾಗ ಇಷ್ಟು ಮಂದಿ ಇದ್ರೂ ಗೌಡ್ರು ನನ್ನ ಹೆಸ್ರಾ ಹಿಡದ್ರು ನೋಡ್ರಿ,” ಅಂತ ನನ್ನೆದುರು ಬೀಗಿದ.

ಅವನ ಹೆಂಡತಿ ಮುದುಕಮ್ಮನಿಗೆ ಅವನಿಗಿಂತ ಬುದ್ಧಿಯಿತ್ತು. “ಕಾಗದದಾಗ ನಿಂದಾ ಅದ. ತನಿಖಿಗೆ ಬರೋ ಸಾಹೇಬ್ರ ಮುಂದ ನಂದು ಅಂತಿ. ಆಮ್ಯಾಲೂ ನಂದಾ ಅಂದ್ರ ಏನಾಗ್ತದ?” ಅಂದಳು. ಮಾರೆಪ್ಪ ಎರಡು ದಿನ ಅವಳ ಕೈಯ ರೊಟ್ಟಿ ಮುಟ್ಟಲಿಲ್ಲ.

ಒಂದು ತಿಂಗಳು ಅವನಿಗೆ ಪಾಠ ಹೇಳಿದವನೂ ನಾನೇ. ಹೊಲದ ಮೂಡಣಕ್ಕೆ ಯಾರು, ಪಡುವಣಕ್ಕೆ ಯಾರು, ಹೋದ ವರ್ಷ ಏನು ಬಿತ್ತಿದ್ದೆ, ಎಲ್ಲ ಬಾಯಿಪಾಠವಾಯಿತು. ಮಾಲೀಕನಂತೆ ಕಾಣಲಿ ಅಂತ ಗೌಡರು ಹೊಸ ಚಪ್ಪಲಿ ತರಿಸಿಕೊಟ್ಟರು.

ರಾಯಚೂರಿನಿಂದ ಸಾಹೇಬರ ಜೀಪು ಬಂತು. ಕೇಳಿದ್ದಕ್ಕೆಲ್ಲ ಮಾರೆಪ್ಪ ತಡವರಿಸದೆ ಉತ್ತರ ಕೊಟ್ಟ. ಇನ್ನು ಹೊಲ ನೋಡುವುದಷ್ಟೇ ಬಾಕಿ. ಊರ ಹಿರಿಯರೆಂದು ಗೌಡರೂ, ಕಾಗದ ಬರೆದವನೆಂದು ನಾನೂ ಜೊತೆಗೆ ಹೋದೆವು. ಬದು ಹತ್ತುವಾಗ ಮಾರೆಪ್ಪ ಬಗ್ಗಿ ಹೊಸ ಚಪ್ಪಲಿ ಬಿಚ್ಚಿದ, ಕಂಕುಳಲ್ಲಿ ಇಟ್ಟುಕೊಂಡ, ಗೌಡರು ಮೊದಲು ದಾಟಲಿ ಅಂತ ಪಕ್ಕಕ್ಕೆ ಸರಿದು ನಿಂತ.

“ಯಾಕಪ್ಪಾ, ನಿನ್ನ ಹೊಲದಾಗ ನೀ ಚಪ್ಲಿ ಮೆಟ್ಟಂಗಿಲ್ಲೇನು?” ಸಾಹೇಬರು ಕೇಳಿದರು.

“ಗೌಡ್ರು ಅದಾರಲ್ರಿ,” ಅಂದ ಮಾರೆಪ್ಪ.

ಹದಿನೆಂಟು ಎಕರೆ ಸರ್ಕಾರದ ಪಾಲಾಯಿತು. ಆದೇಶ ಬಂದ ದಿನ ಗೌಡರು ಅವನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, “ಬೇಕಂತನಾ ಮಾಡಿದಿ ಲೇ. ದೋಸ್ತ ಅಂದಿದ್ದಕ್ಕ ಕುತ್ತಿಗಿ ಕೊಯ್ದಿ,” ಅಂದರು.

ಮಾರೆಪ್ಪ ಅಲ್ಲೇ ಕೂತಿದ್ದ ನನ್ನ ಕಡೆ ತಿರುಗಿದ. “ನೀವರ ಹೇಳ್ರಿ ಸಾಬ್ರ. ನನಗ ಗೊತ್ತಾಗದಂಗ ಆತು ಅಂತ ಹೇಳ್ರಿ.”

ನನಗೆ ಗೊತ್ತಿತ್ತು. ಮಾತು ಕಲಿಸಿದ್ದೆವು, ಮೈಗೆ ಕಲಿಸಲು ಮರೆತಿದ್ದೆವು. ಆದರೆ ನನ್ನ ಹತ್ತಿರ ಬರುವ ಅರ್ಧ ಅರ್ಜಿಗಳು ಗೌಡರು ಕಳಿಸಿದವರವು. ಅವರ ಸಿಟ್ಟಿಗೆ ಅಡ್ಡ ಹೋಗುವ ಧೈರ್ಯ ಬರಲಿಲ್ಲ. “ಸಿಟ್ಟು ಇಳೀಲಿ, ಆಮ್ಯಾಲ ಹೇಳ್ತೀನಿ,” ಅಂತ ಅವನ ಕಿವಿಯಲ್ಲಿ ಅಂದೆ.

ಸಿಟ್ಟು ಇಳಿಯಿತು. ಆ ಅಂಗಳದಲ್ಲಿ ಎಷ್ಟೋ ಸಲ ಕೂತು ಚಹಾ ಕುಡಿದೆ, ಹೇಳಲಿಲ್ಲ. ಗೌಡರಿಗೆ ಬೇಡವಾದವನನ್ನು ಊರಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ. ಗಂಡ ಹೆಂಡತಿ ರಾಯಚೂರಿಗೆ ಹೋದರು.

ಎಂಬತ್ತನಾಲ್ಕರಲ್ಲಿ ಅಲ್ಲಿನ ಒಂದು ರೈಸ್ ಮಿಲ್ಲಿನ ಮುಂದೆ ಅವನೇ ನನ್ನ ಗುರುತು ಹಿಡಿದ. ಚೀಲ ಹೊತ್ತು ಹೊತ್ತು ಬೆನ್ನು ಬಾಗಿತ್ತು. ಮುದುಕಮ್ಮ ಸತ್ತು ಎರಡು ವರ್ಷವಾಗಿತ್ತಂತೆ. ಅದನ್ನೂ ನಾನು ಕೇಳಿದ ಮೇಲೆಯೇ ಹೇಳಿದ. ಅವನು ಮೊದಲು ಕೇಳಿದ್ದು ಬೇರೆ.

“ಗೌಡ್ರಿಗೆ ಹೇಳಿದ್ರೇನ್ರಿ?”

“ಹೇಳಿದೆ,” ಅಂದೆ.

“ನಂಬಿದ್ರಾ?”

“ನಂಬಿದ್ರು.”

ಅವನ ಮುಖ ಅರಳಿತು. ಅಷ್ಟಾದರೂ ಕೊಟ್ಟೆನಲ್ಲ ಅಂತ ನನ್ನ ಜೀವ ಹಗುರಾಯಿತು. ಆಮೇಲೆ ಅವನು ಏನೋ ಯೋಚಿಸಿ ಮೆಲ್ಲಗೆ ಕೇಳಿದ:

“ನಂಬಿದ್ರಂದ್ರ ಮತ್ತ್ಯಾಕ ಎಂಟು ವರ್ಷ ನನ್ನ ಕರೀಲಿಲ್ರಿ?”